ಉಡುಪಿಯಲ್ಲಿ ಕುಳಿತು ಅಮೆರಿಕದ ಶಿಕ್ಷಣ ತಂತ್ರಜ್ಞಾನ ಸಮ್ಮೇಳನ: ಆನ್‌ಲೈನ್ ಟಿಕೆಟಿನ ವಿಮರ್ಶೆ

ಉನ್ನತ ಶಿಕ್ಷಣದಲ್ಲಿ ತಂತ್ರಜ್ಞಾನದ ಬಳಕೆಯನ್ನೇ ವಿಷಯವಾಗಿಟ್ಟುಕೊಂಡು ಅಮೆರಿಕದಲ್ಲಿ ವರ್ಷವರ್ಷವೂ ನಡೆಯುವ ದೊಡ್ಡ ಸಮ್ಮೇಳನವೊಂದಕ್ಕೆ ಈ ಸಲ ನಮ್ಮ ಕಾಲೇಜಿನ ಪರವಾಗಿ ಆನ್‌ಲೈನ್ ಟಿಕೆಟ್ ಕೊಂಡು, ಉಡುಪಿಯ ಮನೆಯಲ್ಲೇ ಕುಳಿತು ಭಾಗವಹಿಸಿದೆ. ಸಮ್ಮೇಳನದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಲಿರುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಯಾವ ಸಮ್ಮೇಳನಕ್ಕೂ ಹೊಂದುವಂಥವು, ಮತ್ತು ನಮ್ಮ ಕರಾವಳಿಯ ಪದವಿ ಕಾಲೇಜುಗಳಲ್ಲಿ ಇಂಥ ಟಿಕೆಟಿಗೆ ದುಡ್ಡು ಹಾಕಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೆ ಹೆಸರಿಗಿಂತ ಲೆಕ್ಕಾಚಾರವೇ ಉಪಯೋಗಕ್ಕೆ ಬರುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆನ್‌ಲೈನ್ ಟಿಕೆಟಿನ ಬೆಲೆಯೆಲ್ಲ ಇರುವುದು ಅದರ ರೆಕಾರ್ಡಿಂಗ್, ಕ್ಯಾಪ್ಷನ್ (ಆಡಿದ ಮಾತು ಪರದೆಯಲ್ಲಿ ಅಕ್ಷರವಾಗಿ ಮೂಡುವುದು) ಮತ್ತು ಲಿಖಿತ ಪ್ರಶ್ನೋತ್ತರದಲ್ಲಿ, ನೇರ ಪ್ರಸಾರವನ್ನು ನೆಚ್ಚಿ ಯಾರೂ ಹಣ ಕಟ್ಟಬಾರದು. ದೂರದಲ್ಲಿರುವ ಸಭಿಕರ ಬಗ್ಗೆ ಸಂಘಟಕರು ಎಷ್ಟು ಯೋಚಿಸಿದ್ದಾರೆ ಎಂಬುದು ಭಾಷಣಕಾರರ ಪಟ್ಟಿಯಿಂದ ತಿಳಿಯುವುದಿಲ್ಲ, ಈ ಮೂರರಿಂದ ತಿಳಿಯುತ್ತದೆ.

ನಾನು ಗಣಕ ವಿಜ್ಞಾನ ಪಾಠ ಮಾಡುತ್ತೇನೆ. ಜೊತೆಗೆ ಕಾಲೇಜಿನ ಮೂಡಲ್ ಎಂಬ ಕಲಿಕಾ ತಾಣ, ಆನ್‌ಲೈನ್ ಕಿರುಪರೀಕ್ಷೆಗಳು, ಆಂತರಿಕ ಅಂಕಗಳ ಪಟ್ಟಿ ಇವೆಲ್ಲದರ ಮೇಲ್ವಿಚಾರಣೆಯೂ ನನ್ನ ಪಾಲಿಗೇ ಬಂದಿದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಾಗಲಿ ಮಣಿಪಾಲದಲ್ಲಾಗಲಿ ಇಂಥ ಕೆಲಸಕ್ಕೆ ಪ್ರತ್ಯೇಕ ವಿಭಾಗಗಳೇ ಇರುತ್ತವೆ. ಅಲ್ಲಿಂದ ಅರ್ಧ ಗಂಟೆಯ ಬಸ್ ದಾರಿಯಲ್ಲಿರುವ ಸಣ್ಣ ಕಾಲೇಜುಗಳಲ್ಲಿ ಪಾಠ ಮುಗಿಸಿ ಬಂದ ಅಧ್ಯಾಪಕರೊಬ್ಬರು ಸಂಜೆ ಹೊತ್ತು ಇವನ್ನೆಲ್ಲ ನೋಡಿಕೊಳ್ಳುತ್ತಾರೆ. ಅಂಥವರು ಅಮೆರಿಕದ ಸಮ್ಮೇಳನಕ್ಕೆ ಖುದ್ದಾಗಿ ಹೋಗುವ ಮಾತು ದೂರವೇ ಉಳಿಯುತ್ತದೆ. ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋಗಿ ಬರಬೇಕು, ಬಜ್ಪೆಯಿಂದ ಎರಡು ಕಡೆ ವಿಮಾನ ಬದಲಿಸಬೇಕು, ಹೋಟೆಲಿನ ಬಾಡಿಗೆ ತೆರಬೇಕು. ಇಷ್ಟಕ್ಕೆಲ್ಲ ಆಗುವ ಖರ್ಚಿನಲ್ಲಿ ನಮ್ಮ ಪ್ರಯೋಗಾಲಯಕ್ಕೆ ಹೊಸ ಗಣಕಯಂತ್ರಗಳೇ ಬರುತ್ತವೆ. ಈ ಕ್ಷೇತ್ರದ ಹಳೆಯ ಹಾಗೂ ದೊಡ್ಡ ಸಂಘಟನೆಗಳಲ್ಲಿ ಒಂದಾದ ಎಜುಕಾಸ್ 2020ರ ಅಕ್ಟೋಬರಿನಲ್ಲಿ ತನ್ನ ವಾರ್ಷಿಕ ಸಮ್ಮೇಳನವನ್ನು ಪೂರ್ತಿಯಾಗಿ ಆನ್‌ಲೈನಿನಲ್ಲೇ ನಡೆಸಿತು. ಕೊರೊನಾ ಹಿಂದೆ ಸರಿದ ಮೇಲೂ ಇಂಥ ಹಲವು ಸಂಘಟನೆಗಳು ದೂರದವರಿಗಾಗಿ ಆನ್‌ಲೈನ್ ಆವೃತ್ತಿಯನ್ನು ಉಳಿಸಿಕೊಂಡವು. ನಮ್ಮಂಥವರಿಗೆ ತೆರೆದಿರುವ ಬಾಗಿಲು ಅದೊಂದೇ.

ಶುಲ್ಕ ಕಡಿಮೆಯೇನಲ್ಲ. ಖುದ್ದು ಹೋಗುವವರು ಕಟ್ಟುವುದರ ಅರ್ಧಕ್ಕಿಂತ ಕಡಿಮೆಯಾದರೂ, ರೂಪಾಯಿಗೆ ಪರಿವರ್ತಿಸಿದಾಗ ನಮ್ಮಲ್ಲಿ ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣಕ್ಕೆ ಪಡೆಯುವ ನೋಂದಣಿ ಶುಲ್ಕದ ಹಲವು ಪಟ್ಟು ಆಗುತ್ತದೆ. ಕಟ್ಟುವ ವಿಧಾನದ ತೊಡಕು ಬೇರೆ. ನಮ್ಮ ದೇಶದ ಡೆಬಿಟ್ ಮತ್ತು ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ತಾನಾಗಿ ತೆರೆದಿರುವುದಿಲ್ಲ. ರಿಸರ್ವ್ ಬ್ಯಾಂಕಿನ 2020ರ ಸೂಚನೆಯ ನಂತರ ಅದನ್ನು ಗ್ರಾಹಕರೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯಬೇಕು. ಕಾಲೇಜಿನ ಖಾತೆಗೆ ಅಂಥ ಕಾರ್ಡೇ ಇಲ್ಲದ ಕಾರಣ ನನ್ನ ಸ್ವಂತ ಕಾರ್ಡಿನಿಂದ ಕಟ್ಟಿ, ಆಮೇಲೆ ವೋಚರ್ ಹಾಕಬೇಕಾಯಿತು. ಡಾಲರಿನ ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ನಮ್ಮ ಆಫೀಸ್ ಸೂಪರಿಂಟೆಂಡೆಂಟರು, “ಇದರಲ್ಲಿ ಜಿಎಸ್‌ಟಿ ನಂಬರೇ ಇಲ್ಲವಲ್ಲ ಸರ್, ಆಡಿಟರ್ ಕೇಳಿದರೆ ಎಂಥ ಹೇಳುವುದು ಮಾರಾಯ್ರೆ?” ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಸಂಘಟಕರಿಗೆ ಮಿಂಚಂಚೆ ಬರೆದು, ಸಂಸ್ಥೆಯ ಹೆಸರು, ವಿಳಾಸ ಮತ್ತು ಕಾರ್ಯಕ್ರಮದ ಉದ್ದೇಶ ಸ್ಪಷ್ಟವಾಗಿ ನಮೂದಾಗಿರುವ ಬಿಲ್ ತರಿಸಿಕೊಂಡ ಮೇಲೆ, ಆಡಳಿತ ಮಂಡಳಿಯ ಠರಾವಿನ ಪ್ರತಿಯನ್ನು ಜೊತೆಗಿಟ್ಟು ವಿಷಯ ಇತ್ಯರ್ಥವಾಯಿತು. ಮಿಂಚಂಚೆಗೆ ಮರುದಿನವೇ ಉತ್ತರ ಬಂದದ್ದನ್ನು ಸಂಘಟಕರ ಪರವಾಗಿ ಹೇಳಲೇಬೇಕು. ಇನ್ನು ಅಭಿವೃದ್ಧಿಶೀಲ ದೇಶಗಳವರಿಗೆ ರಿಯಾಯಿತಿ ಕೊಡುವ ಸಮ್ಮೇಳನಗಳೂ ಉಂಟು. ಅದು ನೋಂದಣಿ ಪುಟದಲ್ಲಿ ಕಾಣಿಸದಿದ್ದರೂ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಸಮಯದ ವಿಚಾರಕ್ಕೆ ಬಂದರೆ, ಕಾರ್ಯಕ್ರಮ ಪಟ್ಟಿಯೆಲ್ಲ ಅಮೆರಿಕದ ಪೂರ್ವ ಕರಾವಳಿಯ ಗಡಿಯಾರದಂತೆ ಇತ್ತು. ಅಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ನಮ್ಮಲ್ಲಿ ಆ ಪದ್ಧತಿಯಿಲ್ಲ. ಹೀಗಾಗಿ ಅಕ್ಟೋಬರ್ ಕೊನೆಯಲ್ಲಿ ನಡೆದ ಪೂರ್ವಭಾವಿ ಕಾರ್ಯಾಗಾರ ಅಲ್ಲಿನ ಬೆಳಿಗ್ಗೆ 11ಕ್ಕೆ ಅಂದರೆ ನಮ್ಮ ರಾತ್ರಿ 8.30ಕ್ಕೆ ಆರಂಭವಾದರೆ, ನವೆಂಬರಿನ ಮುಖ್ಯ ಗೋಷ್ಠಿಗಳು ಅದೇ 11 ಗಂಟೆಗೆ ಇದ್ದರೂ ನಮಗೆ ರಾತ್ರಿ 9.30 ಆಯಿತು, ಮತ್ತು ಅವರ ಸಂಜೆ 5 ಗಂಟೆಯ ಮುಕ್ತಾಯ ನಮ್ಮ ಬೆಳಗಿನ ಜಾವ 3.30ಕ್ಕೆ ಬಿತ್ತು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳಿಗ್ಗೆ ಕೆಲಸಕ್ಕೆ ಹೋಗುವುದು ನಮ್ಮ ಊರಿನವರಿಗೆ ಹೊಸತಲ್ಲ. ಆದರೆ ಬಯಲಾಟದಲ್ಲಿ ನಿದ್ದೆ ತೂಗುವ ಹೊತ್ತಿಗೆ ಸರಿಯಾಗಿ ಚೆಂಡೆ ಏರುತ್ತದೆ, ಇಲ್ಲಿ ಅದೇ ಹೊತ್ತಿಗೆ ಸ್ಲೈಡಿನ ಮೇಲೆ ಸ್ಲೈಡ್ ಬರುತ್ತದೆ. ಮೇಳಗಳೇ ಕಾಲಮಿತಿಗೆ ಹೊರಳಿರುವ ಈ ದಿನಗಳಲ್ಲಿ ನಾನೂ ರಾತ್ರಿ ಒಂದು ಗಂಟೆಗೆ ಕಾಲಮಿತಿ ಹಾಕಿಕೊಂಡು, ಉಳಿದದ್ದನ್ನು ರೆಕಾರ್ಡಿಂಗಿಗೆ ಬಿಟ್ಟೆ. ವೇಳಾಪಟ್ಟಿಯನ್ನು ನೋಡುವವರ ಸ್ಥಳೀಯ ಸಮಯಕ್ಕೆ ತಾನಾಗಿ ಬದಲಿಸಿ ತೋರಿಸುವ ಸೌಲಭ್ಯ ತಾಣದಲ್ಲಿ ಇರಲಿಲ್ಲ ಎಂಬುದು, ತಂತ್ರಜ್ಞಾನವೇ ವಿಷಯವಾಗಿರುವ ಸಮ್ಮೇಳನದ ಮಟ್ಟಿಗೆ, ನಗು ಬರಿಸುವ ಕೊರತೆ.

ವಿದ್ಯುತ್ತು ಮತ್ತು ಇಂಟರ್ನೆಟ್ಟಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ತುಲಾ ತಿಂಗಳಿನಲ್ಲಿ ಸಂಜೆಯ ಗುಡುಗು ಸಿಡಿಲಿಗೆ ನಮ್ಮ ಕಡೆ ಕರೆಂಟು ಹೋಗುವುದು, ಸಿಡಿಲಿಗೆ ಹೆದರಿ ಜನರೇ ಮೋಡೆಮ್ಮಿನ ಪ್ಲಗ್ ಕಿತ್ತಿಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ವೈಫೈ ನಿಂತಾಗ ಮೊಬೈಲಿನ ಹಾಟ್‌ಸ್ಪಾಟಿಗೆ ಬದಲಿಸಿಕೊಂಡರೂ ವಿಡಿಯೊ ನಿಲ್ಲಲಿಲ್ಲ, ಚಿತ್ರ ಸ್ವಲ್ಪ ಮಸುಕಾಗಿ ಮತ್ತೆ ಸರಿಹೋಯಿತು. ಒಂದೇ ವಿಡಿಯೊವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಟ್ಟು, ಸಂಪರ್ಕದ ವೇಗಕ್ಕೆ ತಕ್ಕಂತೆ ತುಣುಕು ತುಣುಕಾಗಿ ಕಳಿಸುವ ವ್ಯವಸ್ಥೆ ಅದು.

ಆ ವ್ಯವಸ್ಥೆಗೆ ಇನ್ನೊಂದು ಮುಖವೂ ಇದೆ, ಮತ್ತು ಈ ಟಿಕೆಟಿನ ದೊಡ್ಡ ದೋಷ ಅಲ್ಲೇ ಇದೆ. ಈ ಬಗೆಯ ಪ್ರಸಾರದಲ್ಲಿ ವಿಡಿಯೊವನ್ನು ಸಾಮಾನ್ಯವಾಗಿ ಆರು ಸೆಕೆಂಡಿನ ಆಸುಪಾಸಿನ ತುಣುಕುಗಳಾಗಿ ಕತ್ತರಿಸುತ್ತಾರೆ. ನಮ್ಮ ಪರದೆಯಲ್ಲಿ ಓಡಲಾರಂಭಿಸುವ ಮೊದಲು ಕೆಲವು ತುಣುಕುಗಳು ಸಂಗ್ರಹವಾಗಬೇಕು. ಪರಿಣಾಮವಾಗಿ ಸಭಾಂಗಣದಲ್ಲಿ ಆಡಿದ ಮಾತು ನಮಗೆ ಕೇಳಿಸುವ ಹೊತ್ತಿಗೆ ಇಪ್ಪತ್ತು ಮೂವತ್ತು ಸೆಕೆಂಡು ಕಳೆದಿರುತ್ತದೆ. ಭಾಷಣ ಕೇಳುವುದಕ್ಕೆ ಇದರಿಂದ ಬಾಧಕವಿಲ್ಲ. ಆದರೆ ಭಾಷಣಕಾರರು ಮತಗಣನೆ (ಪೋಲ್) ಇಟ್ಟರೆಂದುಕೊಳ್ಳಿ: “ನಿಮ್ಮ ಸಂಸ್ಥೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಗೆ ಲಿಖಿತ ನಿಯಮ ಇದೆಯೇ? ಹದಿನೈದು ಸೆಕೆಂಡು ಕೊಡುತ್ತೇನೆ” ಎಂದು ಅವರು ಹೇಳುವುದು ನಮಗೆ ಕೇಳಿಸುವಾಗ, ವಿಳಂಬವಿಲ್ಲದೆ ನಡೆಯುವ ಪಕ್ಕದ ಚೌಕದಲ್ಲಿ ಮತಗಣನೆ ಆಗಲೇ ಮುಚ್ಚಿ ಫಲಿತಾಂಶದ ಕಂಬಗಳು ಎದ್ದು ನಿಂತಿರುತ್ತಿದ್ದವು. ಪ್ರಶ್ನೆ ಕೇಳುವ ಮೊದಲೇ ಉತ್ತರ ಬಂದಿರುವ ಈ ಚಮತ್ಕಾರ ಒಂದೇ ಗೋಷ್ಠಿಯಲ್ಲಿ ನಡೆದದ್ದಲ್ಲ. ಚಾಟಿನಲ್ಲಿ ಈ ಬಗ್ಗೆ ಬರೆದೆ. ಫಿಲಿಪೀನ್ಸಿನ ಒಬ್ಬರು, ಕೀನ್ಯಾದ ಒಬ್ಬರು ತಮಗೂ ಹಾಗೇ ಆಗುತ್ತಿದೆಯೆಂದರು. ನಿರ್ವಾಹಕರು “ತಿಳಿಸಿದ್ದಕ್ಕೆ ಧನ್ಯವಾದ” ಎಂದು ಬರೆದರು, ಮುಂದಿನ ಗೋಷ್ಠಿಯಲ್ಲಿ ಮತ್ತೆ ಹದಿನೈದೇ ಸೆಕೆಂಡು. ಸಭಾಂಗಣದಲ್ಲಿದ್ದವರ ಮತಗಳನ್ನಷ್ಟೇ ಎಣಿಸಿ “ಇಲ್ಲಿ ಸೇರಿರುವ ನಾವೆಲ್ಲರೂ” ಎಂದು ಭಾಷಣಕಾರರು ನಿರ್ಣಯಕ್ಕೆ ಬರುವಾಗ, ದುಡ್ಡು ಕೊಟ್ಟು ದೂರ ಕುಳಿತವರು ಆ “ನಾವು” ಎಂಬುದರಲ್ಲಿ ಇಲ್ಲವೆಂಬುದು ಸ್ಪಷ್ಟವಾಗುತ್ತದೆ. ಇದನ್ನು ಸರಿಪಡಿಸಲು ಹಣವೂ ಬೇಡ, ತಂತ್ರವೂ ಬೇಡ; ಮತಗಣನೆಯನ್ನು ಒಂದು ನಿಮಿಷ ತೆರೆದಿಟ್ಟರೆ ಸಾಕು.

ಕ್ಯಾಪ್ಷನ್‌ಗಳ ವಿಷಯದಲ್ಲಿ ಪೂರ್ಣಾಂಕ ಕೊಡುತ್ತೇನೆ, ಒಂದೆರಡು ತಮಾಷೆಯ ತಪ್ಪುಗಳನ್ನು ಬಿಟ್ಟು. ಪ್ರತಿ ಗೋಷ್ಠಿಗೂ ನೇರ ಕ್ಯಾಪ್ಷನ್ ಇತ್ತು, ಅಕ್ಷರದ ಗಾತ್ರ ಹೆಚ್ಚಿಸಿಕೊಳ್ಳಬಹುದಿತ್ತು, ಗೋಷ್ಠಿ ಮುಗಿದ ಮೇಲೆ ಇಡೀ ಮಾತನ್ನು ಪಠ್ಯವಾಗಿ ಇಳಿಸಿಕೊಳ್ಳಲೂ ಅವಕಾಶವಿತ್ತು. ಅಮೆರಿಕದ ಬೇರೆ ಬೇರೆ ಪ್ರಾಂತ್ಯಗಳವರ ಉಚ್ಚಾರಣೆ, ವೇಗ, ಮಧ್ಯೆ ಮಧ್ಯೆ ಬರುವ ಅವರದೇ ಆದ ಹಾಸ್ಯ ಇವೆಲ್ಲ ನಮ್ಮ ಕಿವಿಗೆ ಒಂದೇ ಸಲಕ್ಕೆ ದಕ್ಕುವುದಿಲ್ಲ. ಕಣ್ಣು ಕಿವಿಗೆ ಆಸರೆಯಾದಾಗ ದಕ್ಕುತ್ತದೆ. ಮೂಡಲ್ ಎಂದಲ್ಲೆಲ್ಲ ಯಂತ್ರ ನೂಡಲ್ ಎಂದು ಬರೆಯಿತು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಮಾರ್ಟಿನ್ ಡೌಗಿಯಮಾಸ್ ರೂಪಿಸಿ 2002ರಲ್ಲಿ ಮೊದಲ ಆವೃತ್ತಿ ಹೊರತಂದ, ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕಲಿಕಾ ತಂತ್ರಾಂಶಕ್ಕೆ ಈ ಗತಿಯಾದರೆ, ಭಾರತೀಯ ಭಾಷಣಕಾರರ ಹೆಸರುಗಳಿಗೆ ಏನಾಗಿರಬಹುದೆಂದು ಹೇಳಬೇಕಾಗಿಲ್ಲ.

ಈಗ ಗೋಷ್ಠಿಗಳ ವಿಚಾರ. ಉದ್ಘಾಟನೆಯ ಆಶಯ ಭಾಷಣವನ್ನು ತಪ್ಪಿಸಿಕೊಂಡರೂ ಏನೂ ನಷ್ಟವಾಗುತ್ತಿರಲಿಲ್ಲ. ಎಲ್ಲ ದೇಶಗಳ ಎಲ್ಲ ಆಶಯ ಭಾಷಣಗಳಂತೆ ಅದೂ ಭವಿಷ್ಯ ಬಂದೇಬಿಟ್ಟಿದೆ ಎಂದು ಸಾರಿ, ಚಪ್ಪಾಳೆ ಪಡೆದು ಮುಗಿಯಿತು. ಹುರುಳಿದ್ದದ್ದು ಸಣ್ಣ ಗೋಷ್ಠಿಗಳಲ್ಲಿ, ಅದರಲ್ಲೂ ದಿನನಿತ್ಯ ಇದೇ ಕೆಲಸ ಮಾಡುವವರು ತಮ್ಮ ಅನುಭವ ಹೇಳಿದ ಗೋಷ್ಠಿಗಳಲ್ಲಿ.

ವಿದ್ಯಾರ್ಥಿಗಳ ಬರಹದಲ್ಲಿ ಕೃತಕ ಬುದ್ಧಿಮತ್ತೆಯ ಕೈವಾಡವನ್ನು ಪತ್ತೆ ಹಚ್ಚುವ ಬಗೆಗಿನ ಗೋಷ್ಠಿಗಾಗಿಯೇ ಟಿಕೆಟಿನ ಅರ್ಧ ಬೆಲೆ ಕೊಡಬಹುದು. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂದಂದಿನಿಂದ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಇದರ ಚರ್ಚೆ ನಿಂತಿಲ್ಲ. ಅಸೈನ್‌ಮೆಂಟುಗಳ ಇಂಗ್ಲಿಷ್ ಇದ್ದಕ್ಕಿದ್ದಂತೆ ನುಣ್ಣಗಾಗಿದೆ, ಪತ್ತೆಯಂತ್ರದಲ್ಲಿ ಹಾಕಿ ನೋಡಿ ಸೊನ್ನೆ ಕೊಟ್ಟರಾಯಿತು ಎನ್ನುವವರು ನಮ್ಮಲ್ಲಿದ್ದಾರೆ. ಗೋಷ್ಠಿಯಲ್ಲಿ ಮಂಡಿಸಿದ ಸಂಗತಿಗಳು ಆ ಉತ್ಸಾಹಕ್ಕೆ ತಣ್ಣೀರೆರಚುವಂಥವು. ಚಾಟ್‌ಜಿಪಿಟಿ ರೂಪಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಬಿಡುಗಡೆ ಮಾಡಿದ್ದ ತನ್ನ ಪತ್ತೆಯಂತ್ರವನ್ನು, ನಿಖರತೆ ಸಾಲದೆಂಬ ಕಾರಣಕ್ಕೆ, ಅದೇ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಆಗಸ್ಟಿನಲ್ಲಿ ನಕಲು ಪತ್ತೆಯ ತಂತ್ರಾಂಶವಾದ ಟರ್ನಿಟಿನ್‌ನ ಕೃತಕ ಬುದ್ಧಿಮತ್ತೆ ಪತ್ತೆಯ ಸೌಲಭ್ಯವನ್ನು ನಿಲ್ಲಿಸಿತು. ನನಗೆ ಹೆಚ್ಚು ನಾಟಿದ್ದು ಸ್ಟ್ಯಾನ್‌ಫೋರ್ಡಿನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನ: ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಗಾಗಿ ತಾವೇ ಬರೆದ ಪ್ರಬಂಧಗಳಲ್ಲಿ, ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ಪತ್ತೆಯಂತ್ರಗಳು ಯಂತ್ರ ಬರೆದವು ಎಂದು ತೀರ್ಪು ಕೊಟ್ಟಿದ್ದವು. ಕಾರಣ ಸರಳ. ಈ ಯಂತ್ರಗಳು ಪದಗಳ ಆಯ್ಕೆ ಎಷ್ಟು ಊಹಾತೀತವಾಗಿದೆ ಎಂಬುದನ್ನು ಅಳೆಯುತ್ತವೆ. ಕಲಿತ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಕೆಲವೇ ಪದಗಳನ್ನು, ಗೊತ್ತಿರುವ ವಾಕ್ಯರಚನೆಯನ್ನು ಬಳಸುತ್ತಾರೆ, ಹಾಗಾಗಿ ಅವರ ಬರಹ ಯಂತ್ರದ ಕಣ್ಣಿಗೆ ಯಂತ್ರದ್ದೇ ಬರಹದಂತೆ ಕಾಣುತ್ತದೆ. ಹೆಬ್ರಿಯಿಂದಲೋ ಬೈಂದೂರಿನಿಂದಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಬಿ.ಕಾಂ. ಮೊದಲ ವರ್ಷದಲ್ಲಿ ಕಷ್ಟಪಟ್ಟು ನಾಲ್ಕು ಪುಟ ಇಂಗ್ಲಿಷ್ ಬರೆದ ಹುಡುಗಿಗೆ ಇದರ ಪರಿಣಾಮ ಏನೆಂಬುದನ್ನು ಯೋಚಿಸಿದರೆ ಸಾಕು.

ಪರ್ಯಾಯಗಳನ್ನೂ ಗೋಷ್ಠಿ ಹೇಳಿತು. ಒಂದೇ ಸಲ ಪೂರ್ತಿ ಬರಹ ಪಡೆಯುವುದರ ಬದಲು ರೂಪುರೇಷೆ, ಕರಡು, ಅಂತಿಮ ಪ್ರತಿ ಎಂದು ಹಂತಗಳಲ್ಲಿ ಪಡೆಯುವುದು; ಕರಡು ಹೇಗೆ ಬೆಳೆಯಿತೆಂಬ ಇತಿಹಾಸವನ್ನು ನೋಡುವುದು; ಕೊನೆಗೆ ಎರಡು ಮೂರು ನಿಮಿಷ ಎದುರು ಕೂರಿಸಿಕೊಂಡು ಬರೆದದ್ದನ್ನು ವಿವರಿಸಲು ಹೇಳುವುದು. ಮೂರನೆಯದು ನಮ್ಮಲ್ಲಿ ವೈವಾ ಎಂಬ ಹೆಸರಿನಲ್ಲಿ ಹಿಂದಿನಿಂದಲೂ ಇದೆ. ಅಮೆರಿಕದ ಪ್ರಾಧ್ಯಾಪಕರು ಅದನ್ನು ಹೊಸ ಆವಿಷ್ಕಾರದಂತೆ ಮಂಡಿಸುವುದನ್ನು ನೋಡಿ ಸ್ವಲ್ಪ ಬೀಗಿದೆನೆಂದರೆ ತಪ್ಪಾಗಲಾರದು. ತರಗತಿಗೆ ಅರವತ್ತು ಮಂದಿ ಇರುವಲ್ಲಿ ಎಲ್ಲರಿಗೂ ವೈವಾ ಮಾಡುವುದು ಹೇಗೆ ಎಂದು ಲಿಖಿತ ಪ್ರಶ್ನೋತ್ತರದಲ್ಲಿ ಕೇಳಿದ್ದಕ್ಕೆ, ಗೋಷ್ಠಿ ಮುಗಿದ ಮರುದಿನ ಭಾಷಣಕಾರರೇ ಉದ್ದವಾದ ಉತ್ತರ ಬರೆದಿದ್ದರು: ಎಲ್ಲರನ್ನೂ ಪರೀಕ್ಷಿಸಬೇಡಿ, ಪ್ರತಿ ಅಸೈನ್‌ಮೆಂಟಿಗೂ ಚೀಟಿ ಎತ್ತಿ ಕೆಲವರನ್ನು ಕರೆಯಿರಿ, ಯಾರನ್ನು ಬೇಕಾದರೂ ಕರೆಯಬಹುದೆಂಬುದು ಮಾತ್ರ ಎಲ್ಲರಿಗೂ ಗೊತ್ತಿರಲಿ. ಈ ಸೆಮಿಸ್ಟರಿನಿಂದ ನಮ್ಮ ವಿಭಾಗದಲ್ಲಿ ಅದನ್ನೇ ಜಾರಿಗೆ ತಂದಿದ್ದೇವೆ. ನೇರ ಪ್ರಸಾರದಲ್ಲಿ ನನ್ನ ಪ್ರಶ್ನೆಗೆ ಸರದಿಯೇ ಬಂದಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು.

ಇನ್ನೊಂದು ಒಳ್ಳೆಯ ಗೋಷ್ಠಿ ದೃಷ್ಟಿದೋಷ, ಶ್ರವಣದೋಷ ಇರುವ ವಿದ್ಯಾರ್ಥಿಗಳಿಗೆ ಪಠ್ಯಸಾಮಗ್ರಿ ಎಟುಕುವಂತೆ ಮಾಡುವುದರ ಬಗ್ಗೆ. ಅಮೆರಿಕದ ನ್ಯಾಯ ಇಲಾಖೆ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳ ಜಾಲತಾಣ ಮತ್ತು ಆ್ಯಪ್‌ಗಳು ಡಬ್ಲ್ಯುಸಿಎಜಿ 2.1 ಎಂಬ ಮಾನದಂಡದ ಎಎ ಮಟ್ಟವನ್ನು ಮುಟ್ಟಬೇಕು; ನೇರ ಕ್ಯಾಪ್ಷನ್ ಕೂಡ ಆ ಮಟ್ಟದ ಷರತ್ತುಗಳಲ್ಲಿ ಒಂದು. ನಮ್ಮಲ್ಲಿಯೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಗೋಷ್ಠಿ ನಡೆಸಿದವರಲ್ಲಿ ಒಬ್ಬರಿಗೆ ಸ್ವತಃ ದೃಷ್ಟಿಯಿಲ್ಲ. ಅವರು ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶದಿಂದ ಎರಡು ಪಿಡಿಎಫ್‌ಗಳನ್ನು ತೆರೆದು ತೋರಿಸಿದರು. ಒಂದರಲ್ಲಿ ಶೀರ್ಷಿಕೆ, ಪಟ್ಟಿ, ಚಿತ್ರವಿವರಣೆ ಎಲ್ಲವನ್ನೂ ಯಂತ್ರ ಕ್ರಮವಾಗಿ ಓದಿತು. ಫೋನಿನಲ್ಲಿ ಸ್ಕ್ಯಾನ್ ಮಾಡಿದ ಇನ್ನೊಂದರಲ್ಲಿ ಏನೂ ಇಲ್ಲವೆಂದು ಹೇಳಿ ಸುಮ್ಮನಾಯಿತು.

ಅದನ್ನು ನೋಡಿದ ಮರುದಿನ ನಮ್ಮ ಕಾಲೇಜಿನ ಮೂಡಲ್ ತಾಣದಲ್ಲಿರುವ ಕನ್ನಡ ನೋಟ್ಸ್‌ಗಳ ಮೇಲೆ ಅದೇ ಪರೀಕ್ಷೆ ನಡೆಸಿದೆ. ಎನ್‌ವಿಡಿಎ ಜೊತೆಗೆ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ, ಉಚ್ಚಾರ ಯಾಂತ್ರಿಕವಾದರೂ ಅರ್ಥವಾಗುತ್ತದೆ. ಆದರೆ ನಮ್ಮ ಹಳೆಯ ಕಡತಗಳೆಲ್ಲ ನುಡಿ ತಂತ್ರಾಂಶದ ಹಿಂದಿನ ಫಾಂಟುಗಳಲ್ಲಿ, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಅಲ್ಲದ ವಿಧಾನದಲ್ಲಿ ಬೆರಳಚ್ಚಾದವು. ಅವುಗಳ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಫಾಂಟು ಅವಕ್ಕೆ ಕನ್ನಡದ ಮುಖ ತೊಡಿಸಿರುತ್ತದೆ ಅಷ್ಟೇ. ಕಣ್ಣಿರುವವರಿಗೆ ಪಂಪನ ಬಗೆಗಿನ ಟಿಪ್ಪಣಿಯಾಗಿ ಕಾಣುವ ಪುಟವನ್ನು ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗಿ ಓದುತ್ತಾ ಹೋಯಿತು. ಕನ್ನಡ ವಿಭಾಗದ ಮುಖ್ಯಸ್ಥರನ್ನು ಕರೆದು ಕೇಳಿಸಿದಾಗ ಅವರು ಎರಡು ನಿಮಿಷ ಏನೂ ಮಾತಾಡದೆ ಕೇಳಿ, “ನಮ್ಮಲ್ಲಿ ಕಣ್ಣು ಕಾಣದ ಹುಡುಗರು ಇಷ್ಟು ವರ್ಷ ಇದನ್ನು ಹೇಗೆ ಓದಿದರು ಸರ್?” ಎಂದರು. ಓದಿರಲಿಲ್ಲ, ಸಹಪಾಠಿಗಳಿಂದ ಓದಿಸಿಕೊಂಡಿದ್ದರು. ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಇವೆ, ಒತ್ತಕ್ಷರ ಮತ್ತು ಅರ್ಕಾವತ್ತಿನ ಕಡೆ ತಿದ್ದುಪಡಿ ಬೇಕಾಗುತ್ತದೆ. ಈಗ ಆ ಕೆಲಸ ನಡೆಯುತ್ತಿದೆ. ಅಮೆರಿಕದ ಗೋಷ್ಠಿಯಲ್ಲಿ ಕನ್ನಡದ ಫಾಂಟಿನ ಪ್ರಸ್ತಾಪವೇ ಇರಲಿಲ್ಲ. ಆದರೂ ಟಿಕೆಟಿನ ಹಣ ನಮ್ಮ ಮಟ್ಟಿಗೆ ವಸೂಲಾದದ್ದು ಆ ಮರುದಿನವೇ.

ಅಂಕಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಎಲ್‌ಟಿಐ ಮಾನದಂಡದ ಗೋಷ್ಠಿ, ಕ್ರೆಡಿಟ್ ವರ್ಗಾವಣೆಯ ಗೋಷ್ಠಿ ಇವು ತಾಂತ್ರಿಕವಾಗಿ ಚೆನ್ನಾಗಿದ್ದವು, ಆದರೆ ನಮ್ಮ ಸನ್ನಿವೇಶಕ್ಕೆ ಅಷ್ಟಾಗಿ ತಾಗಲಿಲ್ಲ. ನಮ್ಮಲ್ಲಿ ಯುಜಿಸಿಯ 2021ರ ನಿಯಮಗಳ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಅಂಕಗಳನ್ನು ನಿರ್ವಹಿಸುವ ಯುಯುಸಿಎಂಎಸ್, ಡಿಜಿಲಾಕರ್ ಇವುಗಳ ದಾರಿಯೇ ಬೇರೆ. ಅದರ ಮೇಲೆ ನಾಲ್ಕು ವರ್ಷದ ಪದವಿ ವ್ಯವಸ್ಥೆಯಿಂದ 2024–25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ ನಂತರ, ಎರಡು ಯೋಜನೆಗಳ ವಿದ್ಯಾರ್ಥಿಗಳು ಒಂದೇ ಕಟ್ಟಡದಲ್ಲಿ ಓದುತ್ತಿರುವಾಗ ನಮ್ಮ ತಲೆನೋವುಗಳೂ ಬೇರೆ. ಒಂದು ವ್ಯವಸ್ಥೆಗೆ ಇನ್ನೊಂದರ ಮಾತು ಅರ್ಥವಾಗದೆ ಗುಮಾಸ್ತರು ಕೈಯಲ್ಲಿ ಅಂಕ ತುಂಬುವ ಪಾಡು ಅಲ್ಲಿಯೂ ಇದೆಯೆಂಬುದು ತಿಳಿದು ಒಂದು ಬಗೆಯ ಸಮಾಧಾನವಾಯಿತು ಅಷ್ಟೆ.

ಪರಸ್ಪರ ಪರಿಚಯಕ್ಕೆಂದು ಇಟ್ಟಿದ್ದ “ಮೇಜುಗಳು” ಸಪ್ಪೆಯಾಗಿದ್ದವು. ಪರದೆಯ ಮೇಲೆ ಚಿತ್ರಿಸಿದ ದುಂಡು ಮೇಜಿನ ಮೇಲೆ ಒತ್ತಿದರೆ ಅಲ್ಲಿ ಕುಳಿತವರ ಜೊತೆ ಮಾತಾಡಬಹುದೆಂಬ ಏರ್ಪಾಡು ಅದು. ಒತ್ತಿದಾಗ ಸಿಕ್ಕವರು ಬಹುತೇಕ ಕ್ಯಾಮೆರಾ ಮುಚ್ಚಿಕೊಂಡು ಬೇರೆ ಕೆಲಸದಲ್ಲಿದ್ದರು, ಇಲ್ಲವೇ ಏನನ್ನೋ ಮಾರಲು ಬಂದವರಾಗಿದ್ದರು. ಸಮ್ಮೇಳನಗಳ ನಿಜವಾದ ಲಾಭ ಊಟದ ಸಾಲಿನಲ್ಲಿ, ಕಾಫಿಯ ವೇಳೆಯಲ್ಲಿ ಆಗುವ ಪರಿಚಯಗಳಿಂದ ಎನ್ನುವ ಮಾತು ಸತ್ಯವಾದರೆ, ಆನ್‌ಲೈನ್ ಟಿಕೆಟಿನಲ್ಲಿ ಆ ಲಾಭ ಇಲ್ಲವೆಂದೇ ತಿಳಿಯಬೇಕು. ಇದಕ್ಕೆ ಸಂಘಟಕರನ್ನು ಪೂರ್ತಿ ದೂರುವಂತಿಲ್ಲ. ಬರಹದ ಮೂಲಕ ಆದ ಪರಿಚಯಗಳು ಮಾತ್ರ ಉಳಿದವು. ಪ್ರಶ್ನೋತ್ತರದಲ್ಲಿ ಸಿಕ್ಕ ಕೀನ್ಯಾದ ಗ್ರಂಥಪಾಲಕರೊಬ್ಬರೊಂದಿಗೆ ಈಗಲೂ ಮಿಂಚಂಚೆ ನಡೆದಿದೆ.

ಪ್ರಾಯೋಜಕರ ಮಳಿಗೆಗಳ ವಿಷಯದಲ್ಲಿ ಎಚ್ಚರಿಕೆ ಹೇಳಬೇಕಾಗಿದೆ. ನೋಂದಣಿಯ ವೇಳೆ “ನನ್ನ ವಿವರಗಳನ್ನು ಪ್ರಾಯೋಜಕರಿಗೆ ಕೊಡಬಹುದು” ಎಂಬ ಪೆಟ್ಟಿಗೆಗೆ ಮೊದಲೇ ಗುರುತು ಹಾಕಿಡಲಾಗಿತ್ತು, ಮತ್ತು ಅದು ಪುಟದ ಬಹಳ ಕೆಳಗಿತ್ತು. ಆ ಗುರುತನ್ನು ತೆಗೆದ ನನಗೂ, ಬಹುಮಾನದ ಆಸೆಗೆ ಮಳಿಗೆಯೊಂದನ್ನು ತೆರೆದು ನೋಡಿದ್ದರಿಂದಲೇ, ಹಾಜರಾತಿ ತಂತ್ರಾಂಶದಿಂದ ಹಿಡಿದು ಪರೀಕ್ಷಾ ಕಣ್ಗಾವಲು ಕ್ಯಾಮೆರಾದವರೆಗೆ ಮಾರಾಟದ ಪತ್ರಗಳು ಬಂದವು. ದತ್ತಾಂಶ ರಕ್ಷಣೆಯ ಬಗ್ಗೆ ಮೂರು ಗೋಷ್ಠಿ ಇಟ್ಟಿದ್ದವರು ಸಭಿಕರ ವಿವರಗಳ ಮಟ್ಟಿಗೆ ಹೀಗೆ ನಡೆದುಕೊಂಡದ್ದು ಸರಿಯಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಎಂಬುದು ಸ್ಪಷ್ಟವಾದ ಕ್ರಿಯೆಯ ಮೂಲಕ, ಸ್ವಇಚ್ಛೆಯಿಂದ ಕೊಟ್ಟದ್ದಾಗಿರಬೇಕು ಎನ್ನುತ್ತದೆ. ಕಾಲೇಜಿನ ಮುಖ್ಯ ವಿಳಾಸದ ಬದಲು ಇಂಥದ್ದಕ್ಕೆಂದೇ ಪ್ರತ್ಯೇಕ ಮಿಂಚಂಚೆ ವಿಳಾಸ ಇಟ್ಟುಕೊಳ್ಳುವುದು ಒಳ್ಳೆಯದು.

ಟಿಕೆಟಿನ ನಿಜವಾದ ಉಪಯೋಗ ಆದದ್ದು ಸಮ್ಮೇಳನ ಮುಗಿದ ಮೇಲೆ. ರೆಕಾರ್ಡಿಂಗ್‌ಗಳು ಮೂರು ತಿಂಗಳು ಲಭ್ಯವಿದ್ದವು. ಟಿಕೆಟ್ ಒಬ್ಬರ ಹೆಸರಿನಲ್ಲಿದ್ದ ಕಾರಣ, ಸಹೋದ್ಯೋಗಿಗಳಿಗೆ ಒಟ್ಟಾಗಿ ತೋರಿಸಬಹುದೇ ಎಂದು ಬರೆದು ಕೇಳಿದೆ. ಲಾಗಿನ್ ಹಂಚಿಕೊಳ್ಳಬಾರದು, ಆದರೆ ಒಂದೇ ಸಂಸ್ಥೆಯವರು ಒಂದೇ ಕೋಣೆಯಲ್ಲಿ ಕುಳಿತು ನೋಡಲು ಅಡ್ಡಿಯಿಲ್ಲ ಎಂದು ಉತ್ತರ ಬಂತು. ಹಾಗಾಗಿ ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಎವಿ ಹಾಲಿನಲ್ಲಿ ಆಸಕ್ತರು ಸೇರುವುದು ರೂಢಿಯಾಯಿತು. ಕ್ಯಾಂಟೀನಿನಿಂದ ಗೋಳಿಬಜೆ, ಚಹಾ ಬರುತ್ತಿತ್ತು. ಭಾಷಣದ ಒಂದು ಭಾಗ ನೋಡುವುದು, ನಿಲ್ಲಿಸುವುದು, ನಮ್ಮಲ್ಲಿ ಇದು ಆದೀತೇ ಎಂದು ಜಗಳವಾಡುವುದು, ಮತ್ತೆ ಮುಂದುವರಿಸುವುದು. ಪತ್ತೆಯಂತ್ರದ ಗೋಷ್ಠಿ ನೋಡಿದ ದಿನ ಇಂಗ್ಲಿಷ್ ಮತ್ತು ವಾಣಿಜ್ಯ ವಿಭಾಗಗಳ ನಡುವೆ ನಡೆದ ವಾದ ಸಮ್ಮೇಳನದ ಯಾವ ಸಂವಾದಕ್ಕಿಂತಲೂ ಬಿಸಿಯಾಗಿತ್ತು. ಇಂಗ್ಲಿಷ್ ಮಾತು ವೇಗವಾಯಿತೆಂದರೆ 0.75ಕ್ಕೆ ಇಳಿಸಿ ನೋಡುವ ಅನುಕೂಲವೂ ನೇರ ಪ್ರಸಾರದಲ್ಲಿ ಇರುವುದಿಲ್ಲ.

ಇದೇ ಹಣಕ್ಕೆ ಬೇರೆ ಏನು ಸಿಗುತ್ತದೆ ಎಂಬ ಪ್ರಶ್ನೆ ಸಹಜ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್, 2017ರಲ್ಲಿ ಬಂದ ಸ್ವಯಂ ಎಂಬ ಆನ್‌ಲೈನ್ ಕಲಿಕಾ ತಾಣಗಳಲ್ಲಿ ಪಾಠಗಳು ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಕ್ಕಷ್ಟೇ ಶುಲ್ಕ. ಒಂದು ವಿಷಯವನ್ನು ಕ್ರಮವಾಗಿ ಕಲಿಯಬೇಕೆನ್ನುವವರು ಅಲ್ಲಿಗೇ ಹೋಗಬೇಕು. ಮಂಗಳೂರು, ಮಣಿಪಾಲಗಳಲ್ಲಿ ನಡೆಯುವ ಕಾರ್ಯಾಗಾರಗಳಲ್ಲಿ ನಮ್ಮ ವಿಶ್ವವಿದ್ಯಾಲಯದ ನಿಯಮ, ನಮ್ಮ ಪರೀಕ್ಷಾ ಪದ್ಧತಿ ತಿಳಿದವರೇ ಮಾತಾಡುತ್ತಾರೆ, ಪರಿಚಯಗಳೂ ಆಗುತ್ತವೆ. ಬೇರೆಡೆಯ ಕಾಲೇಜುಗಳು ಏನನ್ನು ಮಾಡಲು ಹೋಗಿ ಎಲ್ಲಿ ಎಡವಿದವು ಎಂಬ ವೃತ್ತಾಂತ ಮಾತ್ರ ಈ ಎರಡೂ ಕಡೆ ಸುಲಭಕ್ಕೆ ಸಿಗುವುದಿಲ್ಲ. ಅದು ಬೇಕಾದರೆ ಈ ಟಿಕೆಟ್ ಕೊಳ್ಳಬಹುದು.

ಕೊಳ್ಳುವ ಮೊದಲು ಸಂಘಟಕರಿಂದ ಲಿಖಿತವಾಗಿ ತಿಳಿದುಕೊಳ್ಳಬೇಕಾದವು ಹೀಗಿವೆ: ಎಲ್ಲ ಗೋಷ್ಠಿಗಳೂ ಆನ್‌ಲೈನಿನವರಿಗೆ ಸಿಗುತ್ತವೆಯೇ ಅಥವಾ ಆಯ್ದವು ಮಾತ್ರವೇ, ರೆಕಾರ್ಡಿಂಗ್ ಎಷ್ಟು ಕಾಲ ಇರುತ್ತದೆ, ಕ್ಯಾಪ್ಷನ್ ಪಠ್ಯ ಇಳಿಸಿಕೊಳ್ಳಬಹುದೇ, ಒಟ್ಟಾಗಿ ನೋಡಲು ಅನುಮತಿ ಇದೆಯೇ. ರೆಕಾರ್ಡಿಂಗಿನ ಅವಧಿ ಒಂದು ತಿಂಗಳಿಗಿಂತ ಕಡಿಮೆಯಿದ್ದರೆ ಬೇಡ. ನವೆಂಬರ್ ಡಿಸೆಂಬರಿನಲ್ಲಿ ನಮಗೆ ಸೆಮಿಸ್ಟರ್ ಪರೀಕ್ಷೆ, ಮೌಲ್ಯಮಾಪನ, ಕಾಲೇಜು ವಾರ್ಷಿಕೋತ್ಸವ ಎಲ್ಲವೂ ಒಟ್ಟಿಗೇ ಬರುತ್ತವೆ. ಒಬ್ಬರೇ ಸ್ವಂತ ಹಣದಿಂದ ಕೊಳ್ಳುವುದನ್ನು ನಾನು ಸಲಹೆ ಮಾಡುವುದಿಲ್ಲ. ಕೊನೆಯಲ್ಲಿ ಬರುವ ಪ್ರಮಾಣಪತ್ರದಲ್ಲಿ ನೋಡಿದ ಗೋಷ್ಠಿಗಳ ಹೆಸರಿಲ್ಲದೆ “ಭಾಗವಹಿಸಿದ್ದಾರೆ” ಎಂಬ ಒಂದೇ ಸಾಲಿತ್ತು; ನಮ್ಮ ಐಕ್ಯುಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಭರವಸಾ ಕೋಶ) ಸಂಯೋಜಕರು ಗೋಷ್ಠಿವಾರು ವಿವರ ಬೇಕೆಂದಾಗ, ತಾಣದಲ್ಲಿದ್ದ ನನ್ನ ಹಾಜರಾತಿಯ ಪುಟವನ್ನು ಮುದ್ರಿಸಿ ಕ್ಯಾಪ್ಷನ್ ಪಠ್ಯಗಳ ಜೊತೆ ಕಡತಕ್ಕೆ ಸೇರಿಸಿದೆ. ಮುಂದಿನ ಸಲಕ್ಕೆ ಕನ್ನಡ ವಿಭಾಗದವರೂ ಗ್ರಂಥಪಾಲಕರೂ ಸೇರಿ ಇನ್ನೊಂದು ಟಿಕೆಟ್ ಕೇಳಿದ್ದಾರೆ, ಕಡತ ಈಗ ಪ್ರಾಂಶುಪಾಲರ ಮೇಜಿನ ಮೇಲಿದೆ.